ಗುರುಪುತ್ರಪ್ಪ ಮಾಸ್ತರರ ಕರಗಿ ಹೋದ ಸೋಡಾ

ಬಾಜೂ ಮನೆಯಲ್ಲಿ ಮಾಸ್ತರರೊಬ್ಬರಿದ್ದು ನಿಮ್ಮ ಹತ್ತಿರ ಒಂದು ಓಮ್ನಿ ಗಾಡಿ ಇದ್ದರೆ, ಆ ಗಾಡಿ ನಿಮ್ಮದೆಂದು ತಿಳಿದುಕೊಳ್ಳಬೇಡಿ. ಕಾಗದಪತ್ರದಲ್ಲಿ ನಿಮ್ಮ ಹೆಸರು ಇರುತ್ತದೆ, ಅಷ್ಟೇ. ಪೀರನವಾಡಿಯಲ್ಲಿ ನನ್ನ ಗೋಡೆಗೆ ಗೋಡೆ ಹಚ್ಚಿ ಮನೆ ಕಟ್ಟಿಕೊಂಡಿರುವ ಗುರುಪುತ್ರಪ್ಪ ಮಾಸ್ತರರಿಂದ ನಾನು ಕಲಿತ ಪಾಠ ಇದು. ನಾನು ಸಾತಪ್ಪ, ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ಯುವವನು. ದಿನವಿಡೀ ಕಾದ ಕಬ್ಬಿಣದ ಮುಂದೆ ನಿಂತು ಬಂದವನಿಗೆ ಮನೆಯಲ್ಲಾದರೂ ತಂಪು ಬೇಕಲ್ಲ? ಆದರೆ ಗೋಡೆಯ ಆಚೆ ಮಾಸ್ತರರಿದ್ದಾರೆ.

ಮಾಸ್ತರರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವರು. ಹೂದಾನಿ, ಸೇಬುಹಣ್ಣು, ಎರಡು ಗುಡ್ಡದ ನಡುವೆ ಹುಟ್ಟುವ ಸೂರ್ಯ, ಇಷ್ಟರಲ್ಲಿ ಅವರ ಮೂವತ್ತು ವರ್ಷದ ನೌಕರಿ ಸುಖವಾಗಿ ಸಾಗಿತ್ತು. ವಿಜ್ಞಾನ ಕಲಿಸುತ್ತಿದ್ದ ಬಾಯಿಯವರು ಬಾಣಂತನದ ರಜೆಯ ಮೇಲೆ ಹೋದದ್ದೇ ಕೆಟ್ಟಿತು. ಹೆಡ್‌ಮಾಸ್ತರರು ಹತ್ತನೆಯ ತರಗತಿಯ ‘ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳು’ ಎಂಬ ಪಾಠವನ್ನು ಇವರ ಕೊರಳಿಗೆ ಕಟ್ಟಿದರು.

“ಬಣ್ಣಾ ಬದಲಾಗೂ ಪಾಠ ಐತ್ರಿ ಇದು. ನಿಮಗ ಬಣ್ಣದ್ದ ಗೊತ್ತಲ್ಲ, ನೀವ ಹೇಳ್ರಿ,” ಎಂದರಂತೆ. ಸರಕಾರಿ ತರ್ಕ ಎಂದರೆ ಹೀಗಿರಬೇಕು.

ಒಂದು ಪಾಠ ಓದಿದ ಮನುಷ್ಯ ಇಡೀ ಪುಸ್ತಕ ಓದಿದವನಿಗಿಂತ ಅಪಾಯಕಾರಿ. ಮಾಸ್ತರರ ಅಂಗಿಯ ಜೇಬಿನಲ್ಲಿ ಬ್ರಶ್ ಇರುತ್ತಿದ್ದ ಜಾಗದಲ್ಲಿ ಲಿಟ್ಮಸ್ ಕಾಗದದ ಕಟ್ಟು ಬಂತು. ನನ್ನ ಚಹಾದಲ್ಲಿ ಅದ್ದಿದರು. ಎದುರು ಮನೆಯ ಮರಾಠಿ ಹೆಂಗಸು ಮನಿಷಾ ವಹಿನಿ ಹುಣಸೆಹಣ್ಣಿನ ಸಾರು ಕೊಟ್ಟರೆ ಅದರಲ್ಲೂ ಅದ್ದಿದರು. ಸಂಜೆ ನಾನು ಕೆಲಸದಿಂದ ಬಂದು ಕಟ್ಟೆಯ ಮೇಲೆ ಕೂತರೆ ಹಿಂದಿನಿಂದ ಬಂದು ನನ್ನ ಕುತ್ತಿಗೆಗೆ ಕಾಗದ ಒತ್ತಿ, “ಸಾತಪ್ಪ, ನಿನ್ನ ಬೆವರು ಆಮ್ಲ ಐತಿ ನೋಡಪಾ,” ಎಂದರು. ಮೂವತ್ತು ವರ್ಷ ಬೆವರು ಸುರಿಸಿದವನಿಗೆ ಇದೊಂದು ಕೇಳುವುದು ಬಾಕಿ ಇತ್ತು.

ಅದೇ ಹೊತ್ತಿಗೆ ಅವರ ಮಗ ವಿನಯನಿಗೆ ಖಾನಾಪುರದ ಸಂಬಂಧ ಕೂಡಿ ಬಂತು. ಹುಡುಗಿಯ ಹೆಸರು ಸೃಷ್ಟಿ. ಅಪ್ಪ ಈರಣ್ಣನವರದು ಹಂಚಿನ ವ್ಯಾಪಾರ. ಹುಡುಗಿ ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ ಎಂದು ತಿಳಿದದ್ದೇ ತಡ, ಮಾಸ್ತರರ ಮೈಯಲ್ಲಿ ಪಾಠ ಸೇರಿಕೊಂಡಿತು. ಕನ್ಯೆ ನೋಡಲು ನನ್ನ ಓಮ್ನಿಯಲ್ಲೇ ಹೋದಾಗ ಎಲ್ಲರೂ ಅಡಿಗೆ ಬರುತ್ತದೆಯೇ ಎಂದು ಕೇಳುವ ಜಾಗದಲ್ಲಿ ಇವರು, “ಆಮ್ಲ, ಪ್ರತ್ಯಾಮ್ಲ ಕೂಡಿದ್ರ ಏನ್ ಆಗತೈತವಾ?” ಎಂದು ಕೇಳಿದರು.

“ಲವಣ ಮತ್ತ ನೀರು ಆಗತಾವ್ರಿ,” ಎಂದಳು ಹುಡುಗಿ.

ಮಾಸ್ತರರು ಕಣ್ಣು ಮುಚ್ಚಿ, “ಬರೋಬರಿ,” ಎಂದರು.

“ಮಾವಾರು ವಿಜ್ಞಾನದವರೇನ್ರಿ?” ಎಂದು ಹುಡುಗಿ ಕೇಳಿದಳು.

“ಮೂಲದಾಗ ಹೌದವಾ,” ಎಂದುಬಿಟ್ಟರು. ಬಾಜೂಕ್ಕೆ ಕೂತಿದ್ದ ಹೆಂಡತಿ ಪ್ರಮಿಳಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಉಪ್ಪಿಟ್ಟಿನ ತಾಟಿನಲ್ಲಿ ಮುಖ ಹುದುಗಿಸಿದೆ.

ಸಂಬಂಧ ಗಟ್ಟಿಯಾಯಿತು. ಬೀಗರು ಮನೆ ನೋಡಲು ಪೀರನವಾಡಿಗೆ ಬಂದರು. ಆಗ ಹುಡುಗಿಯ ಸೋದರತ್ತೆ, ಈರಣ್ಣನವರ ಅಕ್ಕ ಸಾವಂತ್ರವ್ವ, ಊಟದ ಮೊದಲು ಕೈ ತೊಳೆಯಲು ಬಚ್ಚಲಿಗೆ ಹೋದಳು. ಹೋದವಳು ಹೊರಗೆ ಬರಲೇ ಒಲ್ಲಳು. ನಮ್ಮ ಓಣಿಯ ಬೋರಿನ ನೀರು ಸವುಳು. ಎಷ್ಟು ಉಜ್ಜಿದರೂ ಸಾಬೂನು ನೊರೆ ಬಿಡುವುದಿಲ್ಲ, ಒಣಗಿದ ಮೇಲೆ ಬಕೀಟಿನ ತುಂಬ ಬಿಳಿ ಚಕ್ಕೆ.

“ಈ ನೀರಾಗ ನಮ್ಮ ಹುಡುಗಿ ತಲಿ ತೊಳಕೊಂಡ್ರ ಕೂದಲಾ ಹೋಗಿ ಕಸಬರಿಗಿ ಆದೀತ್ರಿ,” ಎಂದು ಸಾವಂತ್ರವ್ವ ನಾಲ್ಕು ಮಂದಿಯ ನಡುವೆ ಹೇಳಿದಳು. “ನಮ್ಮ ಮಲಪ್ರಭಾದ ನೀರು ನೋಡ್ರಿ, ಬರೇ ಕೈಯಾಡಸಿದ್ರ ನೊರಿ ಬರತೈತಿ.”

ನಕ್ಕು ಬಿಡುವ ಮಾತು. ಬೀಗರು ಬೀಗರನ್ನು ಹಂಗಿಸದಿದ್ದರೆ ಮದುವೆ ಹೇಗಾದೀತು? ಆದರೆ ಮಾಸ್ತರರ ಅಭಿಮಾನಕ್ಕೆ ಅದು ಚುಚ್ಚಿತು. ಮದುವೆಯ ಎರಡು ದಿನ ಮೊದಲು ನನ್ನನ್ನು ಕರೆದು, ಹೆಗಲ ಮೇಲೆ ಒಂದು ಚೀಲ ಹೊರಿಸಿ ಮಾಳಿಗೆ ಹತ್ತಿಸಿದರು. ಬಟ್ಟೆ ಒಗೆಯುವ ಸೋಡಾ. ಗೋಡೆಗೆ ಸುಣ್ಣ ಹಚ್ಚುವವನಂತೆ ಪ್ಯಾಂಟಿನ ಕಾಲು ಮಡಚಿ, ನೀರಿನ ಟಾಕಿಯ ಮುಚ್ಚಳ ತೆಗೆದು, ಚೀಲವನ್ನು ಪೂರಾ ಅದರಲ್ಲಿ ಬೋರಲು ಹಾಕಿ ಕೋಲಿನಿಂದ ತಿರುವಿದರು.

“ನೀರಾಗ ಸುಣ್ಣದ ಅಂಶ ಕರಗಿರತೈತಿ, ಸಾತಪ್ಪ. ಅದರ ಸಲುವಾಗಿ ನೀರು ಗಡಸು. ಸೋಡಾ ಹಾಕಿದ್ರ ಅದು ಕರಗಲಾರದ ಲವಣ ಆಗಿ ತಳಕ್ಕ ಹೋಗಿ ಕುಂದರತೈತಿ. ಮ್ಯಾಲಿನ ನೀರು ಬೆಣ್ಣಿ ಬೆಣ್ಣಿ.”

ಕೆಳಗಿನಿಂದ ಪ್ರಮಿಳಾಬಾಯಿ ಕೂಗಿದರು. “ಅಲ್ರಿ, ಮದುವಿ ಮನ್ಯಾಗ ಜಳಕದ ನೀರಿಗೆ ಸೋಡಾ ಯಾಕ್ರಿ? ಮಂದಿ ಮೈ ಏನ್ ಚಾದರೇನ್ರಿ?”

“ಅದು ಲವಣ ಐತಿ! ಲವಣ ಅಂದ್ರ ಉಪ್ಪು, ಆಮ್ಲನೂ ಅಲ್ಲ, ಪ್ರತ್ಯಾಮ್ಲನೂ ಅಲ್ಲ. ಬಡಪಾಯಿ ಅದು. ಮ್ಯಾಲೆ ಕರಗಿ ಹೋತಲ್ಲ. ಕರಗಿತು ಅಂದ್ರ ಹೋತು. ಇನ್ನ ಅಲ್ಲೇನೈತಿ?”

ಟಾಕಿಯಲ್ಲಿ ಇಣುಕಿದೆ. ನೀರು ಹಾಲಿನಂತೆ ಬೆಳ್ಳಗಾಗಿತ್ತು. ಮರುದಿನ ಮುಂಜಾನೆ ನೋಡಿದರೆ ಖರೇನೇ ತಿಳಿಯಾಗಿ, ತಳದಲ್ಲಿ ಬಿಳಿ ರಾಡಿ ಕೂತಿತ್ತು. ವಿಜ್ಞಾನದ ಮೇಲೆ ನನಗೂ ಸ್ವಲ್ಪ ಭಕ್ತಿ ಬಂತು. ಗಾಡಿಯ ರೇಡಿಯೇಟರಿಗೆ ಬೇಕೆಂದು ಅದೇ ನೀರನ್ನು ಒಂದು ಕ್ಯಾನಿನಲ್ಲಿ ತುಂಬಿ ಓಮ್ನಿಯಲ್ಲಿ ಇಟ್ಟುಕೊಂಡೆ. ಅಡಿಗೆಗೆ ಮಾತ್ರ ಪ್ರಮಿಳಾಬಾಯಿ ನಳದ ನೀರನ್ನೇ ಬೇರೆ ಕೊಡಗಳಲ್ಲಿ ತುಂಬಿಸಿಟ್ಟಿದ್ದರು. ಆಯಮ್ಮ ಹಾಗೆ ಮಾಡದೇ ಹೋಗಿದ್ದರೆ ಈ ಕಥೆ ದವಾಖಾನೆಯಲ್ಲಿ ಮುಗಿಯುತ್ತಿತ್ತು.

ಊರಿಂದ ಬಂದ ನೆಂಟರು ಒಬ್ಬೊಬ್ಬರಾಗಿ ಬಚ್ಚಲಿಗೆ ಹೋದರು. ನೊರೆಯೋ ನೊರೆ. ಆದರೆ ಎಷ್ಟು ನೀರು ಹಾಕಿಕೊಂಡರೂ ಮೈ ಜಾರುವುದು ನಿಲ್ಲಲೊಲ್ಲದು. ಹಿರಿಯರೊಬ್ಬರು ಅರ್ಧ ತಾಸು ಮೈ ತಿಕ್ಕಿ ಹೊರಗೆ ಬಂದು, “ಗುರುಪುತ್ರಪ್ಪ, ನಿಮ್ಮ ನೀರು ಬಾಳ ಮಿದು ಆಗೇತಿ. ಚಂಬು ಕೈಯಾಗ ನಿಂದರವಲ್ದು,” ಎಂದರು. ಮಾಸ್ತರರ ಎದೆ ಎರಡು ಇಂಚು ಮುಂದೆ ಬಂತು.

ಈಗ ಖಾನಾಪುರದ ಆ ಮನೆತನದ ಒಂದು ಪದ್ಧತಿ ಹೇಳಬೇಕು. ವರನಿಗೆ ಹಚ್ಚುವ ಅರಿಷಿಣ ಕನ್ಯೆಯ ಮನೆಯಲ್ಲೇ ಕುಟ್ಟಿ, ಎಣ್ಣೆಯಲ್ಲಿ ಕಲಸಿ ಬರಬೇಕು. ವರನಿಗೆ ಹಚ್ಚಿ ಮಿಕ್ಕದ್ದು ಅದೇ ಬಟ್ಟಲಿನಲ್ಲಿ ತಿರುಗಿ ಕನ್ಯೆಯ ಮನೆಗೆ ಹೋಗಬೇಕು. ಅದು ಹೋಗಿ ಮುಟ್ಟುವ ತನಕ ಕನ್ಯೆಗೆ ಅರಿಷಿಣ ಇಲ್ಲ. ಅರಿಷಿಣ ಹಚ್ಚದ ಹುಡುಗಿ ಹಸೆಯ ಮೇಲೆ ಕೂಡುವಂತಿಲ್ಲ. ನಾಳೆ ಮುಂಜಾನೆ ಖಾನಾಪುರದಲ್ಲಿ ಅಕ್ಷತೆ. ಇವತ್ತು ಹೊತ್ತು ನೆತ್ತಿಗೆ ಬರುವುದರೊಳಗೆ ಬಟ್ಟಲು ಅಲ್ಲಿರಬೇಕು. ಬೆಳಗಿನಿಂದಲೇ ಈರಣ್ಣನವರ ಫೋನು: “ಹಚ್ಚಿದ್ರೇನ್ರಿ? ಬಟ್ಟಲಾ ಹೊಂಟಿತೇನ್ರಿ?”

ಅಂಗಳದಲ್ಲಿ ಸುರಗಿ ಹಾಕಿದ್ದರು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಅವಕ್ಕೆ ಸುತ್ತಿದ ನೂಲು, ನಡುವೆ ಮಣೆಯ ಮೇಲೆ ಬನಿಯನ್ನಿನಲ್ಲಿ ವಿನಯ. ಮುತ್ತೈದೆಯರು ಹಾಡುತ್ತ ಅರಿಷಿಣ ಹಚ್ಚಿದರು. ಹುಡುಗ ಹಳದಿ ಚಿನ್ನದಂತೆ ಹೊಳೆದ. ಮಾಸ್ತರರ ತಾಯಿ ಬಾಳವ್ವ, ಎಂಬತ್ತು ದಾಟಿದ ಮುದುಕಿ, ಹಂಡೆಯಿಂದ ಮೊದಲ ತಂಬಿಗೆ ಬಿಸಿನೀರು ಮೊಗೆದು ಮೊಮ್ಮಗನ ತಲೆಯ ಮೇಲೆ ಸುರಿದಳು.

ಹಾಡು ಅಲ್ಲೇ ನಿಂತಿತು.

ಹಣೆಯಿಂದ ಕೆಂಪು ಇಳಿಯಿತು. ಕೆನ್ನೆ ಕೆಂಪು, ಕೊರಳು ಕೆಂಪು, ಬನಿಯನ್ನು ಕೆಂಪು. ಎರಡನೆಯ ತಂಬಿಗೆಗೆ ಹುಡುಗ ಕುರಿ ಕಡಿದವನಂತೆ ಆದ.

“ಅಗ ಬಾಯಿ! ಹೇ ಕಾಯ ಝಾಲಂ!” ಇದೇನಾಯಿತು ಎಂದು ಮನಿಷಾ ವಹಿನಿ ಮರಾಠಿಯಲ್ಲಿ ಚೀರಿದಳು. ಒಬ್ಬರು ರಕ್ತ ಎಂದರು, ಒಬ್ಬರು ದೃಷ್ಟಿ ಎಂದರು. ವಿನಯ ಮಾತ್ರ ತನ್ನ ಅಂಗೈ ನೋಡಿಕೊಳ್ಳುತ್ತ, “ಯಾಕ? ಏನಾತು? ನನಗೇನೂ ನೋವಾಗವಲ್ದಲ್ಲ,” ಎನ್ನುತ್ತಿದ್ದ.

ಬಾಳವ್ವ ಮೊಮ್ಮಗನ ಕೆನ್ನೆಯ ಮೇಲೆ ಬೆರಳಾಡಿಸಿ, ಮೂಸಿ ನೋಡಿದಳು. ಜನ್ಮವಿಡೀ ಕೆಂಪಾರತಿ ಕಲಸಿದ ಕೈ. ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಸುಣ್ಣ!” ಎಂದಳು ಮುದುಕಿ. “ಅರಿಷಿಣದಾಗ ಸುಣ್ಣಾ ಕೂಡಿಸಿ ಕಳಿಸ್ಯಾರ ಆ ಖಾನಾಪುರದವರು! ನನ್ನ ಮೊಮ್ಮಗನ ಮಾರಿಗೆ ಸುಣ್ಣಾ ಹಚ್ಚಿದ್ರು!”

ಇಲ್ಲಿಗೇ ನಿಂತಿದ್ದರೆ ಮುದುಕಿಯ ಮಾತೆಂದು ಬಿಟ್ಟುಬಿಡಬಹುದಿತ್ತು. ಆದರೆ ವಿಜ್ಞಾನ ಎದ್ದು ನಿಂತಿತು.

“ಎಲ್ಲಾರೂ ಹಿಂದ ಸರೀರಿ,” ಎಂದರು ಮಾಸ್ತರರು. ಚಹಾದ ಒಂದು ಬಸಿಯಲ್ಲಿ ಬಟ್ಟಲಿನ ಅರಿಷಿಣ ಬೆರಳಷ್ಟು ಹಾಕಿ, ಹಂಡೆಯ ನೀರು ಎರಡು ಹನಿ ಬಿಟ್ಟರು. ಕೆಂಪು. “ನೋಡ್ರಿ! ಅರಿಷಿಣ ಅನ್ನೂದು ಸೂಚಕ. ಪ್ರತ್ಯಾಮ್ಲ ಇದ್ರ ಕೆಂಪಾಗತೈತಿ. ಕೆಂಪಾತು. ಅಂದ್ರ ಈ ಅರಿಷಿಣದಾಗ ಪ್ರತ್ಯಾಮ್ಲ ಐತಿ. ಸುಣ್ಣ ಪ್ರತ್ಯಾಮ್ಲ. ಅವ್ವ ಹೇಳಿದ್ದು ಶಾಸ್ತ್ರೀಯವಾಗಿ ಖರೇ.”

“ಅಲ್ರಿ, ನೀರಾಗ ಆ ಸೋಡಾ...” ಎಂದು ಪ್ರಮಿಳಾಬಾಯಿ ಬಾಯಿ ತೆರೆದರು.

“ಸುಮ್ ಇರು ನೀನು. ಅದು ಲವಣ.”

ಅನುಭವವೂ ವಿಜ್ಞಾನವೂ ಕೂಡಿ ಒಂದೇ ಸುಳ್ಳನ್ನು ಹೇಳಿದರೆ ನಡುವೆ ಹೆಂಡತಿಯ ಮಾತು ಯಾರು ಕೇಳುತ್ತಾರೆ? ಅಂಗಳದ ತುಂಬ ಗುಸುಗುಸು ಎದ್ದಿತು. ಹುಡುಗಿಗೆ ಮನಸ್ಸಿರಲಿಕ್ಕಿಲ್ಲ, ಅದಕ್ಕೇ ಹೀಗೆ ಮಾಡಿದ್ದಾರೆ ಎಂದು ಒಬ್ಬಳು. ಹುಡುಗನ ಮೈ ಸುಡಲಿ ಎಂದೇ ಹಾಕಿದ್ದಾರೆ ಎಂದು ಇನ್ನೊಬ್ಬಳು. ಮಣೆಯ ಮೇಲೆ ಕೂತ ವಿನಯನ ಮುಖ ಸಣ್ಣದಾಯಿತು. ಕೆಂಪು ಮುಖದಲ್ಲಿ ಎರಡು ಕಣ್ಣು ಪಿಳಿಪಿಳಿ. “ಮನಸಿಲ್ಲ ಅಂದ್ರ ನನಗ ಹೇಳ್ತಿದ್ದಳಲ್ಲ,” ಎಂದು ಯಾರಿಗೂ ಅಲ್ಲದಂತೆ ಅಂದ.

ಅಷ್ಟರಲ್ಲಿ ಈರಣ್ಣನವರ ಫೋನು ಬಂತು. ಮಾಸ್ತರರು ಸ್ಪೀಕರ್ ಹಾಕಿದರು, ಓಣಿಗೆಲ್ಲ ಕೇಳಲಿ ಎಂದು.

“ಬೀಗರ, ನಿಮ್ಮ ಅರಿಷಿಣ ಪ್ರತ್ಯಾಮ್ಲ ಐತ್ರಿ.”

“ಹೌದ್ರಿ? ಬಾಳ ಚಲೋ ಆತ್ರಿ,” ಎಂದರು ಈರಣ್ಣನವರು ಸಂತೋಷದಿಂದ. “ನಮ್ಮ ಅಕ್ಕ ತಾನ ಕುಂತು ಕುಟ್ಟ್ಯಾಳ್ರಿ. ಅಂಗಡಿದ ತರಲಿಲ್ಲ ನೋಡ್ರಿ.”

ಬಾಳವ್ವ ಫೋನು ಕಸಿದುಕೊಂಡಳು. “ಕುಟ್ಟಿದಾಕೀನ ಕರೀ ಮೊದಲ! ಎಲಿ ಅಡಿಕಿ ಸುಣ್ಣದ ಡಬ್ಬಿ ಪೂರಾ ಡಬ್ಬ ಹಾಕಿದ್ಲೇನು ಒರಳಾಗ?”

ಸಾವಂತ್ರವ್ವ ಫೋನಿಗೆ ಬಂದಳು. ಆಮೇಲೆ ಆದದ್ದನ್ನು ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ. ಎರಡೂ ಕಡೆಯ ಏಳು ತಲೆಮಾರುಗಳು ಎದ್ದು ಬಂದು ಹೋದವು. ಕೊನೆಗೆ ಸಾವಂತ್ರವ್ವ ಹೇಳಿದ ಮಾತು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

“ಇಲ್ಲೆ ಬಂದು ನಮ್ಮ ಹಂದರದಾಗ ನಿಂತು ಸಾಬೀತ ಮಾಡ್ರಿ. ಮಾಡಿದ್ರ ನಾ ನಿಮ್ಮ ಕಾಲ ಹಿಡೀತೀನಿ. ಇಲ್ಲಾಂದ್ರ ನಾಳಿನ ಹಂದರ ಇವತ್ತ ಬಿಚ್ಚಸ್ತೀನಿ. ಗಂಡು ಸಿಗಲಾರದಷ್ಟು ನಮ್ಮ ಹುಡುಗಿ ಗತಿಗೆಟ್ಟಿಲ್ಲ!”

“ಬರತೀವಿ!” ಎಂದರು ಮಾಸ್ತರರು. ಆಮೇಲೆ ನನ್ನ ಕಡೆ ತಿರುಗಿ, “ಸಾತಪ್ಪ, ಗಾಡಿ ತಗಿ.”

ನಾನು ಹೇಳಿದ್ದೆನಲ್ಲ, ಆ ಗಾಡಿ ನನ್ನದಲ್ಲ ಎಂದು.

ಓಮ್ನಿಯಲ್ಲಿ ಹಿಂದೆ ಬಾಳವ್ವ, ಪ್ರಮಿಳಾಬಾಯಿ, ನಡುವೆ ಸಾಕ್ಷಿ ಎಂದು ತೊಳೆಯದೇ ಹಾಗೇ ಕೂಡಿಸಿದ ಕೆಂಪು ವಿನಯ. ಮುಂದೆ ತೊಡೆಯ ಮೇಲೆ ಅರಿಷಿಣದ ಬಟ್ಟಲು ಹಿಡಿದುಕೊಂಡು ಮಾಸ್ತರರು. ಬಟ್ಟಲಿನ ಬಾಯಿಗೆ ಟವೆಲ್ ಕಟ್ಟಿದ್ದರು, ಪುರಾವೆಗೆ ಗಾಳಿ ತಾಗಬಾರದಂತೆ. ಮಚ್ಛೆ ಗ್ರಾಮ ದಾಟಿ ಮುಂದೆ ಹೋಗುವುದರೊಳಗೆ ಪೊಲೀಸರು ಕೈ ಅಡ್ಡ ಹಿಡಿದರು. ಹವಾಲ್ದಾರ ಕಿಟಕಿಯಲ್ಲಿ ಬಗ್ಗಿ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ.

“ಎಲ್ಲಿ ಹೊಡದ ತಂದೀರಿ ಇವನ್ನ?”

“ಹೊಡದಿಲ್ರಿ ಸಾಹೇಬರ. ರಕ್ತ ಅಲ್ರಿ ಅದು. ಆಸಿಡ್ ಮತ್ತ ಬೇಸ್ ಅಂತ ಇರತಾವಲ್ರಿ...” ಎಂದು ಮಾಸ್ತರರು ಪಾಠ ಆರಂಭಿಸಿದರು.

“ಆಸಿಡ್!” ಹವಾಲ್ದಾರ ಸೀಟಿ ಊದಿದ. “ಏ, ಬರ್ರಿ ಇಲ್ಲೆ, ಆಸಿಡ್ ಕೇಸ್ ಐತಿ! ಇಳೀರಿ ಎಲ್ಲಾರೂ!”

“ಆಸಿಡ್ ಅಲ್ರಿ, ಅದರ ವಿರುದ್ಧದ್ದು. ಅರಿಷಿಣದಾಗ ಇತ್ತು, ಬೀಗರು ಹಾಕ್ಯಾರ.”

“ಬೀಗರು ಹಾಕ್ಯಾರ? ಯಾವಾಗ? ಎಷ್ಟ ಮಂದಿ ಇದ್ರು?”

ಇಳಿದು ನಿಂತ ವಿನಯ ಕೈ ಜೋಡಿಸಿದ. “ಸಾಹೇಬರ, ನಾಳೆ ನನ್ನ ಮದುವಿ ಐತ್ರಿ. ಆಗತೈತೋ ಇಲ್ಲೋ ಗೊತ್ತಿಲ್ಲ. ಬಿಡ್ರಿ, ಹೋಗಿ ಕೇಳಿ ಬರತೀನಿ.”

ಪ್ರಮಿಳಾಬಾಯಿ ಸಂದು ಸಿಕ್ಕಿತೆಂದು ಹವಾಲ್ದಾರನಿಗೇ ಹೇಳಹೊರಟರು. “ಅಣ್ಣಾರ, ಖರೇ ಅಂದ್ರ ನಮ್ಮ ಮನ್ಯಾಗ ನೀರಿಗೆ ಸೋಡಾ...”

“ಏ, ಪೊಲೀಸರ ಮುಂದ ಮನೀ ಮಾತು ಆಡಬ್ಯಾಡ,” ಎಂದು ಮಾಸ್ತರರು ಅಡ್ಡ ಬಾಯಿ ಹಾಕಿದರು.

ಹವಾಲ್ದಾರ ಹುಡುಗನ ತೋಳಿನ ಮೇಲೆ ಬೆರಳು ಉಜ್ಜಿ, ಮೂಸಿ, ಅರಿಷಿಣದ ವಾಸನೆ ಹತ್ತಿ ನಿಟ್ಟುಸಿರು ಬಿಟ್ಟ. “ಬೀಗರ ಜಗಳೇನ್ರಿ? ಮೊದಲ ಹೇಳಬಾರದ? ಅದರಾಗ ಸರಕಾರ ಕೈ ಹಾಕೂದಿಲ್ಲ. ನನ್ನ ಮದುವ್ಯಾಗ ಆದ ಜಗಳನ ಇನ್ನ ಮುಗದಿಲ್ಲ. ನಡೀರಿ, ನಡೀರಿ.”

ಖಾನಾಪುರ ಮುಟ್ಟಿದಾಗ ಈರಣ್ಣನವರ ಮನೆಯ ಮುಂದೆ ಹಂದರ, ಬುಂದಿ ಕರಿಯುವ ವಾಸನೆ. ಆದರೆ ಜನ ಊಟಕ್ಕೆ ಕೂತವರಂತಿರಲಿಲ್ಲ, ಪಂಚಾಯ್ತಿಗೆ ಕೂತವರಂತಿದ್ದರು. ಹಂದರದ ಹಗ್ಗದ ಹತ್ತಿರ ಕುಡಗೋಲು ಹಿಡಿದು ಸಾವಂತ್ರವ್ವ ನಿಂತಿದ್ದಳು. ಸುಮ್ಮನೆ ಹೆದರಿಸಲು ಅಂದುಕೊಂಡೆ. ಆಕೆಯ ಮುಖ ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ. ಈರಣ್ಣನವರು, ಪಾಪ, ಎದುರು ಬಂದು, “ಶರಣ್ರಿ ಬೀಗರ, ಬರ್ರಿ, ಕುಂದರ್ರಿ, ಚಾ ಕುಡೀರಿ ಮೊದಲ,” ಎಂದರು. ಕೆಂಪು ಅಳಿಯನನ್ನು ಕಂಡವರೇ ತಾವೇ ಕುರ್ಚಿಯಲ್ಲಿ ಕುಸಿದರು.

“ಚಾ ಬ್ಯಾಡ. ಒಂದು ಬಸಿ, ಒಂದ ಗಿಲಾಸ ನೀರು ತರ್ರಿ,” ಎಂದರು ಮಾಸ್ತರರು ನ್ಯಾಯಾಧೀಶರ ದನಿಯಲ್ಲಿ.

ಟವೆಲ್ ಬಿಚ್ಚಿದರು. ಬಟ್ಟಲಿನ ಅರಿಷಿಣ ಬಸಿಗೆ ಬಂತು. “ಎಲ್ಲಾರೂ ನೋಡ್ರಿ. ಈಗ ಇದು ಕೆಂಪಾಗತೈತಿ.” ಎರಡು ಹನಿ ನೀರು ಬಿಟ್ಟರು.

ಹಳದಿ.

ಇನ್ನೆರಡು ಹನಿ ಬಿಟ್ಟರು. ಬೆರಳಿನಿಂದ ಕಲಸಿದರು. ಬಸಿ ಬದಲಿಸಿದರು. ಗಿಲಾಸು ಬದಲಿಸಿದರು. ಬಿಸಿಲಿಗೆ ಹಿಡಿದರು, ನೆರಳಿಗೆ ಹಿಡಿದರು. ಅರಿಷಿಣ ತನ್ನ ಹುಟ್ಟುಗುಣ ಬಿಡಲೊಲ್ಲದು. ಹಂದರದಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರರ ಹಣೆಯ ಮೇಲೆ ಬೆವರು ಹನಿಗಟ್ಟಿತು. ಆಮ್ಲ ಇರಬೇಕು.

“ಸ್ವಲ್ಪ... ಸ್ವಲ್ಪ ಹೊತ್ತು ಹಿಡೀತೈತ್ರಿ. ಪ್ರಯಾಣದಾಗ ಸೂಚಕ ದಣಿದಿರಬೇಕು.”

ಸಾವಂತ್ರವ್ವ ಕುಡಗೋಲು ಬಾಜೂಕ್ಕಿಟ್ಟು ಬಂದಳು. ಬಟ್ಟಲಿನಲ್ಲಿ ಎರಡು ಬೆರಳು ಅದ್ದಿ, ಅರಿಷಿಣವನ್ನು ಎಲ್ಲರ ಎದುರು ಬಾಯಿಗೆ ಹಾಕಿಕೊಂಡು ನುಂಗಿದಳು. ಹಳದಿ ನಾಲಿಗೆ ಚಾಚಿ ತೋರಿಸಿದಳು.

“ಸುಣ್ಣಾ ಇದ್ದಿದ್ರ ಈ ನಾಲಿಗಿ ಈಗ ಸುಟ್ಟಿರತಿತ್ತು. ನಾಕು ದಿನ ಕುಟ್ಟೀನ್ರಿ ಇದನ್ನ. ತಾಯಿಲ್ಲದ ಹುಡುಗಿ. ತಾಯಿ ಕೈಯಿಂದ ಆಗೂದು ನನ್ನ ಕೈಯಿಂದ ಆಗಲಿ ಅಂತ, ರಟ್ಟಿ ನೋವ ಇದ್ರೂ ಯಾರಿಗೂ ಒನಕಿ ಮುಟ್ಟಗೊಟ್ಟಿಲ್ಲ. ಅದಕ್ಕ ನೀವು ಸುಣ್ಣ ಅಂದ್ರಿ.”

ಆಕೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಇಷ್ಟು ಹೊತ್ತು ಬೈದಾಡಿದ ಹೆಂಗಸು ಅಳಲು ಶುರು ಮಾಡಿದರೆ ನೋಡಲಾಗುವುದಿಲ್ಲ. ಬಾಳವ್ವ ತಲೆ ತಗ್ಗಿಸಿದಳು. ಸಾವಂತ್ರವ್ವ ಮೂಗು ಒರೆಸಿಕೊಂಡು ಮತ್ತೆ ಹಗ್ಗದ ಕಡೆ ತಿರುಗಿದಳು. “ಈರಣ್ಣ, ಹಂದರ ಬಿಚ್ಚಸು.”

“ಅತ್ತಿ, ಒಂದ ನಿಮಿಷ ತಡೀರಿ.”

ಬಾಗಿಲಲ್ಲಿ ಸೃಷ್ಟಿ ನಿಂತಿದ್ದಳು. ಹಳೆಯ ಸೀರೆ, ಬಿಚ್ಚಿದ ಕೂದಲು, ಇನ್ನೂ ಅರಿಷಿಣ ಕಾಣದ ಮುಖ. ಮೊದಲು ವಿನಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನು ಕೆಂಪು ಮುಖದಲ್ಲೇ ನಗಲು ಪ್ರಯತ್ನಿಸಿದ. ಆಮೇಲೆ ಆಕೆ ಮಾಸ್ತರರ ಎದುರು ಬಂದು ನಿಂತಳು. ಹತ್ತನೆಯ ತರಗತಿಯ ಹಿಂದಿನ ಬೆಂಚಿನ ಹುಡುಗನ ಎದುರು ನಿಂತ ಹಾಗೆ.

“ಮಾವಾರ, ಅಲ್ಲೆ ಕೆಂಪಾತು, ಇಲ್ಲೆ ಆಗವಲ್ದು. ಅರಿಷಿಣ ಅದ ಐತಿ. ಏನ್ ಬದಲಾತ್ರಿ?”

“ಊರು,” ಎಂದರು ಮಾಸ್ತರರು.

“ಊರಿನ ಜೋಡಿ ಮತ್ತೇನು ಬದಲಾತ್ರಿ?”

ಮಾಸ್ತರರು ಮೇಲೆ ನೋಡಿದರು, ಕೆಳಗೆ ನೋಡಿದರು. ಉತ್ತರ ಬಾರದ ಹುಡುಗರು ನೋಡುವಲ್ಲೆಲ್ಲ ನೋಡಿದರು. ನನಗೆ ಮಾತ್ರ ಆಗ ಹೊಳೆಯಿತು. ಓಡಿ ಹೋಗಿ ಗಾಡಿಯಿಂದ ರೇಡಿಯೇಟರಿನ ಕ್ಯಾನು ತಂದೆ. “ತಂಗಿ, ಇದು ಪೀರನವಾಡಿ ನೀರು. ಮಾಸ್ತರ ಟಾಕೀದು.”

ಸೃಷ್ಟಿ ಬಸಿಯ ಮೇಲೆ ಎರಡು ಹನಿ ಬಿಟ್ಟಳು.

ಕೆಂಪು. ಕುಂಕುಮದಂಥ ಕೆಂಪು. ಹಂದರದ ತುಂಬ ಒಂದೇ ಉಸಿರು.

“ಮಾವಾರ, ಈ ನೀರಿಗೆ ಏನ್ ಹಾಕೀರಿ?”

“ಏನಿಲ್ಲವಾ. ಏನೂ ಇಲ್ಲ. ಒಂದೀಟು... ಸೋಡಾ ಹಾಕಿದ್ದೆ. ಅದು ಕರಗಿ ಹೋತು.”

“ಕರಗಿ ಎಲ್ಲಿ ಹೋತ್ರಿ?”

ಮೂರು ವಾರ ಹುಡುಗರಿಗೆ ಪಾಠ ಹೇಳುವಾಗ ಮಾಸ್ತರರಿಗೆ ಯಾರೂ ಇದನ್ನು ಕೇಳಿರಲಿಲ್ಲ. ಅವರೂ ಕೇಳಿಕೊಂಡಿರಲಿಲ್ಲ. ಕ್ಯಾನಿನ ಕಡೆ ನೋಡಿದರು, ಬಸಿಯ ಕಡೆ ನೋಡಿದರು, ಮಗನ ಕಡೆ ನೋಡಿದರು.

“ನೀರಾಗ... ಐತೇನವಾ ಇನ್ನೂ?”

“ಅಲ್ಲೇ ಐತ್ರಿ. ಕಣ್ಣಿಗೆ ಕಾಣೂದಿಲ್ಲ, ಅಷ್ಟ.”

“ಆದರ ಅದು ಲವಣ ಅಲ್ಲೇನು?”

“ಲವಣ ಹೌದ್ರಿ. ಎಲ್ಲಾ ಲವಣನೂ ಬಡಪಾಯಿ ಇರೂದಿಲ್ಲ. ಸೋಡಾ ನೀರಿಗೆ ಬಿದ್ರ ಪ್ರತ್ಯಾಮ್ಲದಂಗ ಕುಣೀತೈತಿ. ಪಾಠದ ಕಡೀ ಪುಟದಾಗ ಐತ್ರಿ.”

“ಕಡೀ ಪುಟ,” ಎಂದರು ಮಾಸ್ತರರು ಸಣ್ಣ ದನಿಯಲ್ಲಿ. ಕಡೆಯ ಪುಟಕ್ಕೆ ಬರುವುದರೊಳಗೆ ಮದುವೆಯ ರಜೆ ಬಿದ್ದಿತ್ತು.

“ನಾ ಮೂರು ಸಲ ಹೇಳಾಕ ಬಂದೆ,” ಎಂದರು ಪ್ರಮಿಳಾಬಾಯಿ. ಅಷ್ಟೇ ಅಂದರು. ಮಾಸ್ತರರು ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಅವರ ಮುಖದ ಮೇಲಿನ ಗತ್ತು ಇಳಿದುಹೋಗಿ, ಒಬ್ಬ ಮುದುಕನಾಗುತ್ತಿರುವ ಚಿತ್ರದ ಮಾಸ್ತರ ಅಷ್ಟೇ ಉಳಿದಿದ್ದ. ಸಾವಂತ್ರವ್ವನ ಎದುರು ಹೋಗಿ ಕೈ ಜೋಡಿಸಿದರು. “ನಾ ವಿಜ್ಞಾನದವ ಅಲ್ರಿ ಅಕ್ಕಾರ. ಮೂಲದಾಗನೂ ಅಲ್ಲ. ಡ್ರಾಯಿಂಗ್ ಮಾಸ್ತರ. ತಪ್ಪು ಅರಿಷಿಣದ್ದಲ್ಲ, ನಂದು. ಹಂದರ ಬಿಚ್ಚಸಬ್ಯಾಡ್ರಿ. ಬೇಕಾದ್ರ ನನ್ನ ಬಿಚ್ಚರಿ.”

ಸಾವಂತ್ರವ್ವ ಅವರನ್ನೊಮ್ಮೆ, ಕ್ಯಾನನ್ನೊಮ್ಮೆ ನೋಡಿದಳು. ಆಕೆಯ ಕಣ್ಣಲ್ಲಿ ಇನ್ನೂ ನೀರಿತ್ತು, ಆದರೆ ತುಟಿಯ ಒಂದು ತುದಿ ಅಲುಗಿತು.

“ಬಾಯಿ ಮಾತು ಒಲ್ಲೆ. ಈ ಮಾಸ್ತರನ್ನ ಮಣಿ ಮ್ಯಾಲ ಕುಂದರಸ್ರಿ.”

ಆಮೇಲೆ ಆದದ್ದು ಖಾನಾಪುರದಲ್ಲಿ ಇವತ್ತಿಗೂ ಹೇಳುತ್ತಾರೆ. ವರನಿಗೆಂದು ಇಟ್ಟ ಮಣೆಯ ಮೇಲೆ ಮಾಸ್ತರರನ್ನು ಅಂಗಿ ತೆಗೆಸಿ ಕೂಡಿಸಿದರು. ಹೆಂಗಸರು ಹಣೆಯಿಂದ ಹೊಟ್ಟೆಯವರೆಗೆ ಅರಿಷಿಣ ಬಳಿದರು. ಸಾವಂತ್ರವ್ವ ಕ್ಯಾನಿನ ಒಂದು ಕಿವಿ ಹಿಡಿದಳು. ಇನ್ನೊಂದು ಹಿಡಿಯಲು ಯಾರು ಬರುತ್ತಾರೆ ಎಂದು ಎಲ್ಲರೂ ನೋಡುತ್ತಿದ್ದಾಗ ಬಾಳವ್ವ ಸೊಂಟ ಹಿಡಿದುಕೊಂಡು ಎದ್ದು ಬಂದಳು.

“ಸರಿ ಆಚಿ, ಸಾವಂತ್ರಿ. ಇವನ್ನ ಹಡದಾಕಿ ನಾ. ಮೊದಲ ನೀರು ನಂದು.”

“ಇಬ್ಬರೂ ಕೂಡೇ ಹಾಕೂಣು ಬರ್ರಿ ಅತ್ಯಾರ,” ಎಂದಳು ಸಾವಂತ್ರವ್ವ.

ನೀರು ಬಿತ್ತು. ಮಾಸ್ತರರು ಬುಳುಬುಳು ಕೆಂಪಾದರು. ಈರಣ್ಣನವರು ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ನಕ್ಕರು. ಬುಂದಿ ಕರಿಯುವವನು ಜಾಲಿ ಸೌಟು ಬಿಟ್ಟು ಓಡಿ ಬಂದ. ಪ್ರಮಿಳಾಬಾಯಿ ಬಾಯಿಯ ಮೇಲಿನ ಸೆರಗು ತೆಗೆದು ಬಾಯಿ ತುಂಬ ನಕ್ಕದ್ದನ್ನು ಇಷ್ಟು ವರ್ಷದಲ್ಲಿ ಅವತ್ತೇ ನೋಡಿದೆ. ಸೃಷ್ಟಿ ಒಳಗಿನಿಂದ ನಿಂಬೆಹಣ್ಣು ತಂದು ಎರಡು ಹೋಳು ಮಾಡಿ, ಒಂದನ್ನು ವಿನಯನ ಕೈಗೆ ಕೊಟ್ಟಳು. ಇನ್ನೊಂದನ್ನು ಮಾವನ ಎಡಗೆನ್ನೆಯ ಮೇಲೆ ಹಿಂಡಿದಳು. ಎಡಗೆನ್ನೆ ಹಳದಿಗೆ ತಿರುಗಿತು, ಬಲಗೆನ್ನೆ ಕೆಂಪಾಗಿಯೇ ಉಳಿಯಿತು.

“ಇದು ಯಾಕ ಆತ್ರಿ ಮಾವಾರ?”

“ನೀ ಹೇಳವಾ,” ಎಂದರು ಮಾಸ್ತರರು ಕಣ್ಣು ಮುಚ್ಚಿಕೊಂಡು. “ನಾ ಕೇಳ್ತೀನಿ.”

ಆಗ ಸಾವಂತ್ರವ್ವನ ಕಣ್ಣು ಬಟ್ಟಲಿನ ಮೇಲೆ ಬಿತ್ತು. ನಮ್ಮ ಯಾರಿಗೂ ಹೊಳೆದಿರಲಿಲ್ಲ. ವರನಿಗೆ ಹಚ್ಚಿ ಮಿಕ್ಕ ಅರಿಷಿಣ, ಅದೇ ಬಟ್ಟಲಿನಲ್ಲಿ, ಹೊತ್ತು ನೆತ್ತಿಗೆ ಬರುವುದರೊಳಗೆ ಕನ್ಯೆಯ ಮನೆ ಮುಟ್ಟಬೇಕಿತ್ತು. ಮುಟ್ಟಿತ್ತು. ಮದುವೆ ಮುರಿಯುವಂಥ ಪುರಾವೆ ಅಂತ ಮಾಸ್ತರರು ತೊಡೆಯ ಮೇಲಿಟ್ಟುಕೊಂಡು ತಂದದ್ದು ಅದನ್ನೇ. ತಳದಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು. ಸಾವಂತ್ರವ್ವ ಅದನ್ನು ಬಳಿದು ತೆಗೆದು, ನೋಯುವ ರಟ್ಟೆಯನ್ನೇ ಎತ್ತಿ, ಸೃಷ್ಟಿಯ ಎರಡೂ ಕೆನ್ನೆಗೆ ಹಚ್ಚಿದಳು. ಹೆಂಗಸರು ಪೀರನವಾಡಿಯಲ್ಲಿ ನಿಂತಿದ್ದ ಹಾಡನ್ನು ಅಲ್ಲಿ ಮುಂದುವರಿಸಿದರು.

ಮರುದಿನ ಅಕ್ಷತೆ ಬಿತ್ತು. ವಿನಯ ನಿಂಬೆಹಣ್ಣಿನ ಕೃಪೆಯಿಂದ ಸುಮಾರು ಹಳದಿಯಾಗಿದ್ದ. ಕಿವಿಯ ಹಿಂದೆ ಮಾತ್ರ ಕೆಂಪು ಉಳಿದಿತ್ತು. ಮಾಸ್ತರರನ್ನು ಊಟದ ಪಂಕ್ತಿಯಲ್ಲಿ ನೀರಿನ ಡ್ರಮ್ಮಿನಿಂದ ಬಲು ದೂರ ಕೂಡಿಸಿದ್ದರು.

ವಿಜ್ಞಾನದ ಬಾಯಿಯವರು ರಜೆ ಮುಗಿಸಿ ಬಂದರು, ಮಾಸ್ತರರು ಹೂದಾನಿ ಸೇಬುಹಣ್ಣಿಗೆ ತಿರುಗಿದರು. ಆದರೆ ಹಂದರದಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ಆ ಪಟ, ಅರ್ಧ ಹಳದಿ ಅರ್ಧ ಕೆಂಪು ಮುಖದ್ದು, ಊರೂರು ತಿರುಗಿ ಸಾಲೆಗೂ ಬಂತು. ಬಾಯಿಯವರು ಅದನ್ನು ದೊಡ್ಡದು ಮಾಡಿಸಿ ಹತ್ತನೆಯ ತರಗತಿಯ ಗೋಡೆಗೆ ಹಚ್ಚಿದ್ದಾರೆ. ಅದರ ಕೆಳಗೆ ಬಣ್ಣದ ಅಕ್ಷರದಲ್ಲಿ ‘ಪ್ರತ್ಯಾಮ್ಲ’ ಮತ್ತು ‘ಆಮ್ಲ’ ಎಂದು ಬಾಣ ಬರೆದು ತೋರಿಸಬೇಕಿತ್ತು. ಸಾಲೆಯಲ್ಲಿ ಅಷ್ಟು ಚಂದ ಅಕ್ಷರ ಬರೆಯುವವರು ಒಬ್ಬರೇ. ಮಾಸ್ತರರು ಕುರ್ಚಿ ಹತ್ತಿ ತಮ್ಮ ಕೆನ್ನೆಗಳಿಗೆ ತಾವೇ ಬಾಣ ಬರೆದರು.